ಚಿಲಕ ಯಾವ ಕಡೆ

ಆ ಕೋಣೆಗೆ ಹೋಗುವ ಮುನ್ನ
ಸೊಂಟದ ಕೀಲಿಗೊಂಚಲು ತೆಗೆದು
ಹೊರಗಿನ ಮೊಳೆಗೆ ತೂಗುಹಾಕುತ್ತೇನೆ.
ಕುಲಾಸೊ ಬಾಯಿ ಮೊದಲ ದಿನವೇ ಹೇಳಿದ್ದರು:
ಕೆಲವು ಮಕ್ಕಳಿಗೆ ಕೀಲಿಯ ಸದ್ದೆಂದರೆ
ಯಾರೋ ಬಂದರು ಎಂದೇ ಅರ್ಥ.

ನಾನಿಲ್ಲಿ ಆಟಿಕೆ ತೊಳೆಯುವವಳು.
ವಾಸ್ಕೋ ಬಂದರಿನಿಂದ ಹಾರಿಬರುವ ಕಲ್ಲಿದ್ದಲ ಹುಡಿ
ಹುಲಿ, ಜಿರಾಫೆ, ಪ್ಲಾಸ್ಟಿಕ್ ಪೊಲೀಸಪ್ಪ
ಯಾರನ್ನೂ ಬಿಡುವುದಿಲ್ಲ;
ದಿನಾ ಸಂಜೆ ಎಲ್ಲರಿಗೂ ಎರೆಯುತ್ತೇನೆ.
ಝುವಾರಿನಗರದ ಮಕ್ಕಳು ಬಂದ ದಿನ ಮಾತ್ರ
ಕೈ ಒರೆಸಿಕೊಂಡು ದುಭಾಷಿಯಾಗುತ್ತೇನೆ.
ಬಾಯಿಯವರಿಗೆ ಕನ್ನಡ ಬಾರದು,
ನನಗೆ ಗದಗಿನದು ಬಿಟ್ಟರೆ ಸಂತೆಯ ಹಿಂದಿ.

ಯಮನೂರಪ್ಪ, ಒಂಬತ್ತು ವರ್ಷ.
ಏನು ಕೇಳಿದರೂ 'ಹೂಂರಿ'.
ನೀರು ಬೇಕಾ? ಹೂಂರಿ. ಬೇಡವಾ? ಹೂಂರಿ.
ಆ 'ರಿ' ಮರ್ಯಾದೆಯದ್ದಲ್ಲ ಎಂದು
ಹಿಂದಿಯಲ್ಲಿ ತಿಳಿಸಲು ಎರಡು ವಾರ ಬೇಕಾಯಿತು ನನಗೆ.
ಕೊನೆಗೆ ತಲೆಗೆ ಕೈ ಅಡ್ಡ ಹಿಡಿದು ತೋರಿಸಿದೆ:
ಹೀಗೆ, ಏಟು ಬೀಳುವಾಗ.
ಅವರು ಬರೆದುಕೊಂಡರು.

ಏನಾಯಿತೆಂದು ಯಾರೂ ಕೇಳುವುದಿಲ್ಲ ಈ ಕೋಣೆಯಲ್ಲಿ.
ನನಗದು ವಿಚಿತ್ರವೆನಿಸಿತ್ತು.
ಪೊಲೀಸರು ಕೇಳಿದ್ದಾರೆ, ಸಾಹೇಬರು ಕೇಳಿದ್ದಾರೆ,
ಓಣಿಯ ಹೆಂಗಸರು ಕಿರಾಣಿ ಅಂಗಡಿಯೆದುರು ನಿಲ್ಲಿಸಿ ಕೇಳಿದ್ದಾರೆ.
ಇಲ್ಲಿರುವುದು ಒಂದು ಪರಾತ ಮರಳು,
ಬೊಗ್ಮಾಳೊ ದಂಡೆಯದು, ಉಪ್ಪು ಹೋಗಲೆಂದು
ಏಳು ನೀರಿನಲ್ಲಿ ನಾನೇ ತೊಳೆದದ್ದು.
ಅದರಲ್ಲಿ ಅವನು ಹೂಳುತ್ತಾನೆ:
ಹಸು, ಬಸ್ಸು, ಒಂಟಿ ಕಾಲಿನ ಗೊಂಬೆ, ಅಂಗೈಯಗಲದ ಮನೆ.
ಗಂಟೆ ಮುಗಿದಾಗ ಮರಳು ಸಪಾಟು.
ತಲೆಯ ಮೇಲೆ ದಾಬೋಳಿಯ ವಿಮಾನ ಕಿವಿ ಹರಿದುಹೋದರೂ ಬೆಚ್ಚುವುದಿಲ್ಲ;
ಪಕ್ಕದಲ್ಲಿ ಯಾರೋ ಚಪ್ಪಲಿ ಬಿಟ್ಟರೆ
ಕುತ್ತಿಗೆ ಭುಜದೊಳಗೆ ಇಳಿಯುತ್ತದೆ.

ಅವನು ಹೋದಮೇಲೆ
ಒಂದೊಂದನ್ನೇ ಕೆದರಿ ತೆಗೆಯುವವಳು ನಾನು.
ಎಷ್ಟು ಆಳ ಹೂತಿದ್ದಾನೆಂದು
ನನ್ನ ಉಗುರಿಗೆ ಗೊತ್ತು.

ಹತ್ತನೆಯದೋ ಹನ್ನೊಂದನೆಯದೋ ಗುರುವಾರ
ಮನೆಯನ್ನು ಹೂಳದೆ ಕೈಯಲ್ಲೇ ತಿರುಗಿಸಿದ.
'ಈ ಬಾಗಲಕ ಒಳಗಿಂದ ಚಿಲಕ ಐತೇನ್ರಿ?'
ಅನುವಾದಿಸಿದೆ. ನಡುವೆ ಒಮ್ಮೆ ಕೆಮ್ಮಿದೆ.
ಬಾಯಿ ಮನೆಯನ್ನು ಈಸಿಕೊಂಡು ಸುತ್ತ ನೋಡಿ
ನಿಜವನ್ನೇ ಹೇಳಿದರು: ಇಲ್ಲ.
ಎಲ್ಲಿ ಹಾಕೋಣ?

ಅವನು ಕೋಣೆಯ ಬಾಗಿಲಿನತ್ತ ನೋಡಿದ.

ಆಫೀಸಿನಲ್ಲಿ ಅದಕ್ಕೊಂದು ಸಭೆ ನಡೆಯಿತು.
ಹುಡುಗ ಒಳಗೇ ಸಿಕ್ಕಿಕೊಂಡರೆ? ಯಾರು ಹೊಣೆ?
ಕಡೆಗೆ ಬಡಗಿ ರುಝಾರ್ ಬಂದು
ಅವನ ಎದೆಯೆತ್ತರಕ್ಕೆ ಅಳೆದು
ಹಿತ್ತಾಳೆಯದೊಂದು ಹಾಕಿಹೋದ.
ತೀರಾ ಪ್ರಸಂಗ ಬಂದರೆ ಹೊರಗಿನಿಂದ ತೆಗೆಯುವ ಉಪಾಯವಿದೆ,
ಅದನ್ನೂ ಅವನಿಗೆ ಹೇಳಿದೆವು. ಮುಚ್ಚಿಡಲಿಲ್ಲ.

ಮುಂದಿನ ಗುರುವಾರ ಇಬ್ಬರನ್ನೂ ಹೊರಗೆ ಕಳಿಸಿ
ಚಿಲಕ ಹಾಕಿಕೊಂಡ.
ಮಗ್ಗಿ ಬಾರದೆ ಹೊರಗೆ ನಿಂತ ಹುಡುಗಿಯರ ಹಾಗೆ
ನಾನೂ ಡಾಕ್ಟರೂ ಬೆಂಚಿನ ಮೇಲೆ.
ಒಳಗೆ ಟಕ್. ತೆಗೆದ.
ಟಕ್. ಹಾಕಿದ.
ಬೀದಿಯಲ್ಲಿ ಪಾವಿನವನ ಸೈಕಲ್ ಹಾರ್ನು ಹಾದುಹೋಯಿತು.
ಟಕ್.
ಹದಿನೇಳರವರೆಗೆ ಎಣಿಸಿ ಬಿಟ್ಟುಬಿಟ್ಟೆ.
'ಏನಂತಾನೆ?' ಎಂದರು ಬಾಯಿ, ರೂಢಿಯಿಂದ.
ಆಮೇಲೆ ತಾವೇ ನಕ್ಕರು.

ಬಾಗಿಲು ಬೆರಳಷ್ಟು ತೆರೆಯಿತು.
'ನೀ ಬಾ ಒಳಗ. ಆಕಿ ಆಮ್ಯಾಲ ಬರ್ಲಿ.'

ನೀ. ಬಾ. ಆಕಿ.
ರಿ ಇಲ್ಲ. ಹುಡುಕಿದರೂ ಇಲ್ಲ.
ಐವತ್ತೆರಡು ವರ್ಷದವಳು ನಾನು;
ಅಳಿಯ ಹೀಗೆ ಕರೆದಿದ್ದರೆ ಮನೆ ರಣವಾಗುತ್ತಿತ್ತು.
'ತೂ ಅಂದ ನನಗೆ,' ಎಂದೆ ಬಾಯಿಯವರಿಗೆ,
'ನಿಮಗೂ ಹೆಚ್ಚುಕಮ್ಮಿ ಅದೇ.'
ಅವರು ಪೆನ್ನು ಹುಡುಕತೊಡಗಿದರು.

ಕೋರ್ಟಿನ ತಾರೀಖು ಹದಿನಾಲ್ಕಕ್ಕಿದೆ.
ಹಾಸಿಗೆ ಈಗಲೂ ಒದ್ದೆಯಾಗುತ್ತದಂತೆ,
ಅವನವ್ವ ಗಾರೆ ಕೆಲಸಕ್ಕೆ ಹೋಗುವ ಮೊದಲು
ಕೌದಿ ಒಗೆದು ಹರವಿ ಹೋಗುತ್ತಾಳೆ.

ಒಳಗೆ ಹೋದೆ.
ಚಿಲಕ ಹಾಕಲಾ, ಬೇಡವಾ, ಕೇಳಿದೆ.
'ತಡಿ,' ಎಂದ.
'ಇಚಾರ ಮಾಡ್ತೀನಿ.'