ಒಂದು ಕಾಳು

ಫ್ರಿಜ್ಜಿನ ಬಾಗಿಲಿಗೆ ಹಡಗಿನ ಕಂಪನಿಯವರು ಕೊಟ್ಟ
ಲಂಗರಿನ ಮ್ಯಾಗ್ನೆಟ್ಟು. ಅದರ ಕೆಳಗ
ಇವರ ಕೈಬರಹ, ನೆಟ್ಟಗ, ಡ್ಯೂಟಿ ಚೀಟಿ ಹಂಗ:
ಹಾಡು ಕೇಳೂ ಮುಂಚೆ ಮೂರು ಪ್ರಶ್ನೆ.
ಇದನ್ನ ಅಪ್ಪನ ಎದುರಿಗೆ ಹಾಡಬಹುದಾ?
ಇದನ್ನ ಕೇಳಿದ ಮ್ಯಾಲೆ ಪ್ರಾರ್ಥನೆಗೆ ಮನಸು ಬರ್ತದಾ?
ಮೂರನೇದರ ಮ್ಯಾಲೆ ಮೀನಸಾರು ಸಿಡಿದು
ಓದಾಕ ಬರೂದಿಲ್ಲ.

ವಾಸ್ಕೋದ ಮಂಗೋರ್ ಗುಡ್ಡದ ಮ್ಯಾಲೆ ನಮ್ಮ ಎರಡು ಖೋಲಿ.
ಕೆಳಗ ಬಂದರು. ರಾತ್ರಿ ಕಲ್ಲಿದ್ದಲು ಇಳಿಸೂ ಸಪ್ಪಳ,
ಮುಂಜಾನೆ ಕಿಟಕಿಗೆಲ್ಲ ಕರೀ ಪುಡಿ.
ಅದರಾಗ ಬೆರಳಿಲೆ ಹೆಸರು ಬರೀತಿದ್ಲು ಮಗಳು,
ಸುವಾರ್ತಾ, ಸುವಾರ್ತಾ.
ಈಗ ಬರಿಯೂದಿಲ್ಲ. ಹದಿನಾಲ್ಕಾತು.
ಕಿವ್ಯಾಗ ಎರಡು ಬಿಳೀ ಅವರೆಕಾಳು;
ಕರೆದರ ಕೇಳೂದಿಲ್ಲ,
ಕರೀದಿದ್ದಾಗ ನಗತಾಳ.

"ಪಾಸ್ಟರ್ ಹೇಳ್ಯಾರ, ಫೋನ್ ಇಸ್ಕೋ" ಅಂದ್ರು ಇವರು,
ಸಾಬೂನು ಹಚ್ಚಿದ ಗಲ್ಲದೊಳಗಿಂದ.
"ಇಸ್ಕೊಂಡು? ಹಾಡು ಫೋನಿನ್ಯಾಗ ಇರ್ತದೇನ್ರಿ?"
ಇವರು ಕನ್ನಡಿ ನೋಡಿದ್ರು, ನನ್ನ ನೋಡಲಿಲ್ಲ.

ಇವರು ಕ್ರೇನಿಗೆ ಹೋದ ಮ್ಯಾಲೆ
ಅಕೀ ಹಾಸಿಗಿ ಮ್ಯಾಲೆ ಕುಂತೆ, ಕೈ ಒಡ್ಡಿದೆ.
"ಒಂದು ಕೊಡು."
"ಏನು?"
"ಕಾಳು."
ಅಂಗಿಗೆ ಒರೆಸಿ ಕೊಟ್ಲು.
ಅಕೀ ಕಿವೀ ಬಿಸಿ ಹಿಡಕೊಂಡಿತ್ತು ಅದು, ಇನ್ನೂ.

ಮೊದಲ ಹಾಡು ಮಳೀ ಇಲ್ಲದ ಗುಡುಗು.
ಎರಡನೇದು ಯಾವನೋ ಹುಡುಗ, ನೆಗಡಿ ಬಂದಾಂಗ,
ಯಾವ ದೇಶದ ಮಾತೋ. "ಏನಂತಾನ?"
"ಗೆಳೆಯ ಬಿಟ್ಟು ಹೋಗ್ಯಾನಂತ."
"ಆಮ್ಯಾಲೆ?"
"ಆಮ್ಯಾಲೆ ಏನಿಲ್ಲ. ಬಸ್ ಸ್ಟಾಪಿನಾಗ ಒಬ್ಬನ ಕುಂತಾನ."
ಪಾಪ, ಅಂದೆ. ಖರೇನ ಅಂದೆ.

ಮೂರನೇದಕ್ಕ ಅಕಿ ತಡವರಿಸಿದ್ಲು.
"ಹುಡುಗಿಗೆ... ಚಂದ ಅದೀ ಅಂತಾನ."
ಅಷ್ಟುದ್ದ ಸಾಲಿಗೆ ಇಷ್ಟ ಗಿಡ್ಡ ಅರ್ಥ.
ಈ ತರ್ಜುಮೆ ನನಗ ಗೊತ್ತು.
ಬೆಟಗೇರಿ ಮಗ್ಗದ ಮನ್ಯಾಗ, ನೆರೆಯವರ ರೇಡಿಯೋದೊಳಗಿಂದ
ಹಿಂದಿ ಹಾಡು ಗ್ವಾಡಿ ದಾಟಿ ಬಂದಾಗ
"ಏನಂತಾಳವ್ವಾ ಅಕಿ?" ಅಂತಿದ್ದ ನಮ್ಮಪ್ಪ, ಲಾಳಿ ನಿಲ್ಲಿಸಿ.
"ದೇವರು ದೊಡ್ಡಾಂವ ಅಂತಾಳಪ್ಪಾ."
ಮೂರು ವರ್ಷ ದೇವರು ದೊಡ್ಡಾಂವ ಆಗಿದ್ದ
ಪ್ರತಿ ಬುಧವಾರ ರಾತ್ರಿ.
ಅಪ್ಪಗ ತಿಳೀಲಿಲ್ಲಂತ ತಿಳಕೊಂಡಿದ್ದೆ.

"ಪೂರಾ ಹೇಳು."
ಹೇಳಿದ್ಲು. ಕಡೀಕ್ಕ ಒಂದು ಶಬ್ದ ಬಂತು.
ನನಗ ಪರಿಚಯದ್ದು ಅದು:
ಮೀನಿನ ಫ್ಯಾಕ್ಟರಿ ಪಾಳಿ ಮುಗಿಸಿ
ಬೈನಾದ ತಿರುವಿನಾಗ ನಡಕೋತ ಬರೂವಾಗ
ಬಾರಿನ ಕಟ್ಟೀ ಮ್ಯಾಲಿಂದ ಬರ್ತಿತ್ತು,
ಕೊಂಕಣಿಯೊಳಗ, ಹಿಂದಿಯೊಳಗ,
ನಮ್ಮ ಕನ್ನಡದೊಳಗೂ.
ಅಲ್ಲಿ ಅದಕ್ಕ ಡ್ರಮ್ ಇರ್ತಿರಲಿಲ್ಲ, ಅಷ್ಟ.

ಸೈತಾನನ ಹೆಸರು ನಾ ಎತ್ತಲಿಲ್ಲ.
"ಇದು ಬ್ಯಾಡವ್ವಾ" ಅಂದೆ.
"ನಾ ಶಬ್ದ ಕೇಳೂದಿಲ್ಲ, ಬೀಟ್ ಅಷ್ಟ ಕೇಳ್ತೇನಿ."
"ನಾನೂ ಹಂಗ ಅನ್ಕೋತ ನಡದೇನಿ, ಹನ್ನೊಂದು ವರ್ಷ."
ಅಕೀ ಬೆರಳು ಪರದೆ ಮ್ಯಾಲೆ ನಿಂತಿತು, ಒತ್ತಲಿಲ್ಲ.
ನಾನೂ ಒತ್ತಿಸಲಿಲ್ಲ.
ಅಕ್ಕಿ ಆರಸೂದಿತ್ತು, ಎದ್ದೆ.

ರವಿವಾರ ಬಾಡಿಗೀ ಹಾಲಿನಾಗ ನಮ್ಮ ಕನ್ನಡ ಸಭೆ,
ನಲವತ್ತು ಕುರ್ಚಿ, ಒಂದು ಕೀಬೋರ್ಡು, ಅದರಾಗ ಒಂದು ಮನಿ ಮೂಕ.
ಇವರು ಮುಂದ ನಿಂತು ಎತ್ತಿದ್ರು ಹಳೇ ಗೀತ.
ಏರಿನ್ಯಾಗ ಎತ್ತಿನ ಗಾಡಿ ಹಂಗ ಅದು ಹೊಂಟಾಗ
ನನ್ನ ಪಕ್ಕ ಸುವಾರ್ತಾನ ಬೆರಳು
ಪ್ಲಾಸ್ಟಿಕ್ ಕುರ್ಚಿ ಕೈ ಮ್ಯಾಲೆ: ಟಕ ಟಕ್, ಟಕ.
ಯಾವ ಹಾಡಿಂದು? ಬಸ್ ಸ್ಟಾಪಿನ ಹುಡುಗಂದೋ,
ಆ ಮೂರನೇದೋ? ಕಿವಿಗೊಟ್ಟೆ. ತಿಳೀಲಿಲ್ಲ.
ಇವರ ಕಣ್ಣು ಬಿತ್ತು ಬೆರಳಿನ ಮ್ಯಾಲೆ,
ನನ್ನ ಎದಿ ಝಲ್ ಅಂತು.
ಒಂದು ಗಳಿಗಿ ಸಾಲು ಮರತು ನಿಂತ್ರು,
ಆಮ್ಯಾಲೆ ಹಿಡದ್ರು, ತುಸು ಜಲ್ದಿ.

ರಾತ್ರಿ ಕೇಳಿದೆ, "ಮೂರನೇ ಪ್ರಶ್ನೆ ಏನಿತ್ರಿ?"
ಫ್ರಿಜ್ಜಿನ ಮುಂದ ಬಗ್ಗಿ, ಕನ್ನಡಕ ಹಣಿಗೇರಿಸಿ,
ಉಗುರಿಲೆ ಸಾರಿನ ಕಲೆ ಕೆರದು ನೋಡಿದ್ರು.
"ಬರದಾಂವ ನಾನ," ಅಂದ್ರು, "ನೆನಪಾಗವಲ್ದು."

ಒಳಗ ಹಾಸಿಗಿ ಅಂಚಿಗೆ
ಇಟ್ಟಿದ್ಲು ಒಂದು ಕಾಳು.
ನನಗೋ, ಅವರಿಗೋ,
ಹೇಳಿರಲಿಲ್ಲ.