ಮಂಡಕ್ಕಿಗೆ ಅಲ್ಲೇನಂತಾರೆ

ಎರಡು ಕಾಗದ. ಒಂದು ಶಿವಗಂಗೋತ್ರಿಯದು:
ಎಂ.ಎ. ಸೀಟು, ಪಟ್ಟಿಯಲ್ಲಿ ಐದನೆಯವಳು,
ಶುಕ್ರವಾರದೊಳಗೆ ಫೀಸು.
ಇನ್ನೊಂದು ಲೈಪ್‌ಜಿಗ್‌ನ ಯಾವುದೋ ಮನೆಯದು:
ಇಬ್ಬರು ಮಕ್ಕಳು, ಅಟ್ಟದ ಕೋಣೆ, ಒಂದು ವರ್ಷ,
ಬಾ, ನಮ್ಮ ಜೊತೆ ಮಾತಾಡು.

ಟೇಬಲ್ಲು ಗಂಡು, ದೀಪ ಹೆಣ್ಣು, ಹುಡುಗಿ ಮಾತ್ರ ನಪುಂಸಕ.
ಜರ್ಮನ್ ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ.
ನಮ್ಮನೆಯ ಉರ್ದುವಿನಲ್ಲಿ ರೊಟ್ಟಿ ಹೆಣ್ಣು, ಬಾಗಿಲು ಗಂಡು;
ಬಾಗಿಲಾಚೆ ಓಣಿಯಲ್ಲಿ ಕೊಟ್ರಮ್ಮ
ನನ್ನನ್ನೇ ತೋರಿಸಿ ಕೇಳುತ್ತಾಳೆ:
'ಅದು ಕಾಲೇಜಿಂದ ಬಂತೇನ್ರೀ?'

ಕನ್ನಡ ನನಗೆ ಯಾರೂ ಕಲಿಸಲಿಲ್ಲ.
ನಲ್ಲಿಯ ಹತ್ತಿರ ನನ್ನ ಕೊಡ ಹಿಂದೆ ಸರಿಸಿದವಳ ಮೇಲೆ
ಎಗರಿ ಬಿದ್ದ ದಿನ ತಾನಾಗಿ ಬಂತು,
ವಿಭಕ್ತಿ ಸಮೇತ.
ಜರ್ಮನ್ನಿನಲ್ಲಿ ಎಂಬತ್ತೆಂಟು ಅಂಕ.
ಇನ್ನೂ ಯಾರ ಮೇಲೂ ಸಿಟ್ಟಾಗಿಲ್ಲ.

'ಡಿಗ್ರಿ ಮೊದಲು ಕೈಯಲ್ಲಿರಲಿ, ಬಾಯಿ ಆಮೇಲೆ'
ಎಂದರು ಹಾಲಪ್ಪ ಮೇಷ್ಟ್ರು. ನಿಜ.
'ಯಾರದೋ ಮಕ್ಕಳ ಮೂಗೊರೆಸಲು ಅಷ್ಟು ದೂರವೇ?'
ಎಂದಳು ಅಮ್ಮಿ. ಅದೂ ನಿಜ.

ಅಬ್ಬಾ ಏನೂ ಹೇಳಲಿಲ್ಲ.
ದಾವಣಗೆರೆಯ ಅರ್ಧ ಹೊಗೆ ತನ್ನದೇ ಎಂಬಂತೆ
ಭಟ್ಟಿಯ ಮುಂದೆ ಕೂತು,
ಉಪ್ಪುನೀರು ಕುಡಿದು ಒಣಗಿದ ಅಕ್ಕಿಯನ್ನು
ಕಾದ ಮರಳಿಗೆ ಸುರಿದ.
ಒಂದು ಗಳಿಗೆ ಸುಮ್ಮನಿತ್ತು.
ಆಮೇಲೆ ಒಟ್ಟಿಗೇ ಮಾತಾಡತೊಡಗಿತು.

ಜರಡಿ ಆಡಿಸುತ್ತ ಕೇಳಿದ:
'ಇದಕ್ಕೆ ಅಲ್ಲಿ ಏನಂತಾರೆ ಬೇಟಾ?'
ಅಕ್ಕಿಗೆ ಏನೆಂದು ಗೊತ್ತು. ಮರಳಿಗೂ, ಉಪ್ಪಿಗೂ.
ಅರಳಿದ್ದಕ್ಕೆ?
ಪುಸ್ತಕದಲ್ಲಿರಲಿಲ್ಲ. ಬಾಯಿ ತೆರೆದು ನಿಂತೆ.

'ಕೇಳಿಕೊಂಡು ಬಾ' ಎಂದ,
ಪಕ್ಕದ ಅಂಗಡಿಗೆ ಕಳಿಸುವವನ ಹಾಗೆ.

ಇವತ್ತು ಬುಧವಾರ.