ಬಾಡಿಗೆಗೆ ಹೋದ ಕಂಬ

ನೀಲಗಿರಿ ಕಂಬ ಒಂದು. ಉದ್ದ ಹದಿನೆಂಟು ಅಡಿ.
ದಿನಕ್ಕೆ ಮುನ್ನೂರು ಬಾಡಿಗೆ, ಠೇವಣಿ ಎರಡು ಸಾವಿರ.
ಭವಾನಿ ಪೇಟೆಯ ನಮ್ಮ ವಖಾರಿಯ ಪುಸ್ತಕದಲ್ಲಿ
'ಯಾತಕ್ಕೆ' ಎಂಬ ಕಾಲಮ್ಮಿದೆ.
ಸೆಂಟ್ರಿಂಗ್, ಮಂಟಪ, ಗಣಪತಿ
ಇಷ್ಟೇ ಬರೆದು ಗೊತ್ತಿದ್ದ ನಾನು
ಅಂದು 'ಎಸೆಯಲಿಕ್ಕೆ' ಎಂದು ಬರೆದು
ಎರಡು ಸಲ ಓದಿದೆ.

ಸಾಹುಕಾರರೆಂದರು: ಜೊತೆಗೆ ಹೋಗು.
ಮುರಿದರೆ ಠೇವಣಿ ಪೂರಾ ನಮ್ಮದು, ಸೀಳಿದರೆ ಅರ್ಧ.
ಹೀಗೆ ಭಾನುವಾರ, ಖಡಕಿಯ ಮೈದಾನದಲ್ಲಿ,
ಸ್ಕಾಟ್ಲೆಂಡಿನವರ ಹಬ್ಬಕ್ಕೆ
ನಾನೂ ಹಮಾಲ ಯಮನೂರಿಯೂ
ಕಂಬದ ಕಡೆಯವರಾಗಿ ಬಂದೆವು,
ಹೆಣ್ಣಿನ ಕಡೆಯವರ ಹಾಗೆ, ಕಣ್ಣೆಲ್ಲ ಅದರ ಮೇಲೆ.

ಮೊದಲು ಕೇಳಿಸಿದ್ದು ನಮ್ಮ ಗರಗಸ.
ಹಸಿ ಸಾಗುವಾನಿ ಯಾರೋ ಸೀಳುತ್ತಿದ್ದಾರೆ ಅಂದುಕೊಂಡೆ.
ಆಮೇಲೆ ಆ ಸೀಳಿನೊಳಗಿಂದಲೇ
ರಾಗವೊಂದು ಹೊರಬಿತ್ತು.
ಬೇವಿನ ನೆರಳಲ್ಲಿ ಸುಬೇದಾರ ಧೋಂಡಿಬಾ ಶೇಲಾರ,
ಪಲಟಣ ಬಿಟ್ಟು ಹತ್ತೊಂಬತ್ತು ವರ್ಷ,
ಕಂಕುಳಲ್ಲಿ ಚೀಲ ಅವುಚಿ, ಕೆನ್ನೆ ಉಬ್ಬಿಸಿ,
ಸೊಂಟಕ್ಕೆ ಚೌಕಳಿ ಲಂಗ, ಕಾಲಿಗೆ ಕೊಲ್ಹಾಪುರಿ.
ಬೂಟು ಕಚ್ಚುತ್ತದಂತೆ.
ಮುಟ್ಟಿ ನೋಡಿ ಅಂದ. ಹೆಗಲ ಮೇಲಿನ ಮೂರು ಕೊಳವೆ
ಅಪ್ಪಟ ಬೀಟೆ. ಮರದ ಮಂದಿ ನಾವು, ತಿಳಿಯದೇ?
'ಉಸಿರು ನಿಂತರೂ ಒಂದಷ್ಟು ಹೊತ್ತು
ಚೀಲ ಹಾಡುತ್ತದೆ' ಅಂದ,
ಮರಾಠಿಯಲ್ಲಿ, ನಗದೆ.

ಕ್ಯಾಂಪಿನ ಶಾಲೆಯ ಹುಡುಗಿಯರು
ಅಡ್ಡಡ್ಡ ಇಟ್ಟ ಕತ್ತಿಗಳ ನಡುವೆ ಕುಣಿದರು.
ಕತ್ತಿ ಪ್ಲೈವುಡ್ಡಿನವು, ಆರು ಎಂ.ಎಂ.

ಮೈಕಿನಲ್ಲಿ ನಿಯಮ ಹೇಳಿದರು:
ದೂರ ಎಸೆದವನು ಗೆದ್ದಂತಲ್ಲ.
ನೆಟ್ಟಗೆ ಎತ್ತಿದ ಕಂಬ ಗಾಳಿಯಲ್ಲಿ ಲಾಗ ಹಾಕಿ
ತಲೆ ನೆಲಕ್ಕೆ ಕುಟ್ಟಿ, ಬುಡ ಆಚೆಗುರುಳಿ,
ಎಸೆದವನ ಮೂಗಿನ ನೇರಕ್ಕೆ ಮಲಗಬೇಕು,
ಗಡಿಯಾರದ ಹನ್ನೆರಡರಂತೆ.

ಯಮನೂರಿ ತಂಬಾಕು ತಿಕ್ಕುತ್ತಾ ಕೇಳಿಸಿಕೊಂಡ.
'ವಖಾರಿಯೊಳಗ ಕೆಡವಿದ್ರ ಸಾವ್ಕಾರ ಒದರ್ತಾನ,
ಇಲ್ಲಿ ಕೆಡವಿದ್ರ ಕಪ್ ಕೊಡ್ತಾರ.
ಏನ್ ದುನಿಯಾನಪ ಇದು.'

ಚಾಕಣದ ಕಾರು ಕಾರ್ಖಾನೆಯ ಮೆಕ್‌ನ್ಯಾಬ್ ಸಾಹೇಬ
ಕೆಂಪಗಾಗಿ ಓಡಿ ಎಸೆದ. ಹತ್ತು ಗಂಟೆಗೆ ಬಿತ್ತು.
ಔಂಧಿನ ಜಿಮ್ಮಿನ ಹುಡುಗರು ಎಸೆದರು,
ಕಂಬ ಲಾಗ ಹಾಕಲೊಲ್ಲದೆ
ಅವರತ್ತಲೇ ಮರಳಿತು, ಚದುರಿದರು.
ಬಿದ್ದಾಗಲೆಲ್ಲ ನಾನು ಓಡಿ ಹೋಗಿ
ಮೊಣಕಾಲೂರಿ ಬಿರುಕು ಹುಡುಕಿದೆ.
ನಾನೇ ಪಂಚನೆಂದುಕೊಂಡು
ಜನ ಚಪ್ಪಾಳೆ ತಟ್ಟಿದರು.

ಹೊತ್ತಿಳಿಯುವಾಗ ಕೂಗಿದರು: ನೋಡಲು ಬಂದವರಲ್ಲಿ
ಯಾರಾದರೂ?
ಇಂಡಿ ತಾಲೂಕಿನ ಯಮನೂರಿ,
ಊರಲ್ಲಿ ಸಂಗ್ರಾಣಿ ಕಲ್ಲೆತ್ತಿ
ಬೆಳ್ಳಿ ಕಡಗ ಗೆದ್ದವನ ಮಗ,
ಟವೆಲ್ಲು ಮಡಚಿ ಹೆಗಲಿಗಿಟ್ಟ.
ಕುಕ್ಕರಿಸಿ, ಬುಡಕ್ಕೆ ಬೆರಳು ಹೆಣೆದು,
ಎದ್ದ,
ನಿದ್ದೆಹೋದ ಮಗುವನ್ನೆತ್ತಿದ ಹಾಗೆ.
ಕಂಬ ಅಲುಗಲಿಲ್ಲ.
ಮೈದಾನ ಉಸಿರು ಹಿಡಿಯಿತು.

ಅವನು ನಾಲ್ಕು ಹೆಜ್ಜೆ ಇಟ್ಟ. ಐದು. ಹತ್ತು.
ಗೆರೆ ದಾಟಿತು.
ಎಸಿ ಎಸಿ ಎಂದರು ಎಲ್ಲ ಭಾಷೆಯಲ್ಲಿ.
ಕೈ ಬಿಡಲೇ ಇಲ್ಲ.
ಮೂವತ್ತು ವರ್ಷ ಹೊತ್ತು, ಹೊತ್ತು,
ಸದ್ದಾಗದಂತೆ ಇಳಿಸಿದ ಕೈ.
ಕಂಬವನ್ನು ಹೆಗಲಿಗೆ ಮಲಗಿಸಿಕೊಂಡು
ನೇರ ಟೆಂಪೋ ಕಡೆಗೆ ನಡೆದುಬಿಟ್ಟ.

ಕೆಲವರು ನಕ್ಕರು. ನಾನೂ.
ಧೋಂಡಿಬಾ ಮಾತ್ರ ಚೀಲಕ್ಕೆ ಗಾಳಿ ತುಂಬಿ
ಅವನ ಹಿಂದೆಯೇ ಊದುತ್ತಾ ಬಂದ,
ಟೆಂಪೋದ ತನಕ.

ತುದಿ ಜಜ್ಜಿದೆ, ಸೀಳಿಲ್ಲ, ಠೇವಣಿ ವಾಪಸ್,
ಸೋಮವಾರ ಬರೆದೆ.
ಕಂಬ ಧಾನೋರಿಗೆ ಹೊರಟಿತ್ತು,
ನಾಲ್ಕನೇ ಮಹಡಿಯ ಸ್ಲ್ಯಾಬು ಹೊರಲು.
ಸಿಂಬಿ ಸುತ್ತುತ್ತಾ ಯಮನೂರಿ, ನನ್ನತ್ತ ನೋಡದೆ:
'ನಿನ್ನಿ ಒಗೀಬೇಕಿತ್ತೇನ್ರಿ?'

ಗರಗಸ ಶುರುವಾಯಿತು.
ನಾನು ಏನೋ ಅಂದೆ.
ಅವನಿಗೆ ಕೇಳಿಸಲಿಲ್ಲ.